ಐದು ಗಂಟೆಗೆ ಎದ್ದರೆ ಕತೆ ಹುಟ್ಟುವುದಿಲ್ಲ

ನಮ್ಮ ಹೊರನಾಡ ಬರಹಗಾರರಲ್ಲಿ, ಅದರಲ್ಲೂ ಕಂಪ್ಯೂಟರ್ ಮುಂದೆ ಕೂತು ಸಂಬಳ ತೆಗೆದುಕೊಳ್ಳುವ ನನ್ನಂಥವರಲ್ಲಿ, ಈಚೆಗೆ ಒಂದು ಹೊಸ ವ್ರತ ಹಬ್ಬಿದೆ. ಬೆಳಗಿನ ಐದಕ್ಕೆ ಏಳಬೇಕು. ಐನೂರು ಪದ ಬರೆಯಬೇಕು. ಬರೆದ ಮೇಲೆ ಫೋನಿನ ಆ್ಯಪಿನಲ್ಲಿ ಆ ದಿನದ ಚೌಕಕ್ಕೆ ಹಸಿರು ಬಣ್ಣ ತುಂಬಬೇಕು. ಒಂದು ದಿನ ತಪ್ಪಿದರೆ ಸರಪಳಿ ಕಡಿಯಿತು, ಮತ್ತೆ ಒಂದರಿಂದ ಶುರು. ವ್ರತಕ್ಕೆ ತಕ್ಕ ಸಾಮಗ್ರಿಯೂ ಇದೆ: ನಿಂತು ಬರೆಯುವ ಮೇಜು, ಟಕಟಕ ಸದ್ದಿನ ಕೀಬೋರ್ಡು, ಹೊರಗಿನ ಸದ್ದು ಅಡಗಿಸುವ ಹೆಡ್‌ಫೋನು, ಕಿಟಕಿ ಪಕ್ಕ ಒಂದು ಮನಿಪ್ಲಾಂಟ್. ಸತ್ಯನಾರಾಯಣ ಪೂಜೆಗೂ ಇಷ್ಟು ಸಾಮಾನು ಬೇಕಾಗುವುದಿಲ್ಲ. ಕೊನೆಯಲ್ಲಿ ಪ್ರಸಾದ ಹಂಚುವ ಹಾಗೆ ಸ್ಟೇಟಸ್ಸು: 'ಇವತ್ತಿಗೆ 43ನೇ ದಿನ'. ಏನು ಬರೆದರು ಎಂದು ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಬೇಗ ಏಳುವುದರ ಬಗ್ಗೆ ನನ್ನ ತಕರಾರಿಲ್ಲ. ಶಿಸ್ತಿನ ಬಗ್ಗೆಯೂ ಇಲ್ಲ. ಇಪ್ಪತ್ತು ವರ್ಷ ಗ್ಯಾಂಟ್ ಚಾರ್ಟು, ಸ್ಪ್ರಿಂಟು, ಸ್ಟ್ಯಾಂಡಪ್ಪು ಎಂದು ಹೊಟ್ಟೆ ಹೊರೆದವನು ಶಿಸ್ತನ್ನು ಬೈದರೆ ಉಂಡ ಮನೆಗೆ ಎರಡು ಬಗೆದ ಹಾಗೆ. ನನ್ನ ಜಗಳ ಈ ವ್ರತದ ಹಿಂದಿರುವ ನಂಬಿಕೆಯ ಜೊತೆ. ಒಳ್ಳೆಯ ಬರವಣಿಗೆ ಒಬ್ಬ ಮನುಷ್ಯನ ಸಂಕಲ್ಪಬಲದಿಂದ ಬರುತ್ತದೆ ಎನ್ನುವುದು ಆ ನಂಬಿಕೆ. ಬರೆಯಲಾಗದಿದ್ದರೆ ಅವನು ಸೋಮಾರಿ, ಬರೆದದ್ದು ಸಪ್ಪೆಯಾದರೆ ಇನ್ನೂ ನೂರು ದಿನ ಬರೆಯಲಿ. ಎಲ್ಲದಕ್ಕೂ ಒಂದೇ ಕಷಾಯ. ನಾನು ನೋಡಿದ ಮಟ್ಟಿಗೆ, ಓದಿದ ಮಟ್ಟಿಗೆ, ವರ್ಷಗಟ್ಟಲೆ ಒಳ್ಳೆಯದನ್ನೇ ಬರೆದವರ ಹಿಂದೆ ಸಂಕಲ್ಪಕ್ಕಿಂತ ಹೆಚ್ಚಾಗಿ ಬೇರೆ ಜನ ಇದ್ದಾರೆ. ಮನೆ ಹೊತ್ತವರು, ಬರಹಕ್ಕೆ ಕಾದವರು, 'ಇದು ಆಗಿಲ್ಲ' ಎಂದು ತಿರುಗಿಸಿ ಕೊಟ್ಟವರು, ಸುತ್ತ ಮಾತಾಡುತ್ತಿದ್ದವರು. ಇವರಲ್ಲಿ ಒಬ್ಬರಿಗೂ ಆ ಆ್ಯಪಿನಲ್ಲಿ ಚೌಕವಿಲ್ಲ.

ಈ ವ್ರತದ ಪುರಾಣಪುರುಷನಿಂದಲೇ ಶುರುಮಾಡೋಣ. ಶಿಸ್ತಿನ ಬಗ್ಗೆ ಇರುವ ಪುಸ್ತಕಗಳಲ್ಲಿ, ಭಾಷಣಗಳಲ್ಲಿ ಆಂಟನಿ ಟ್ರಾಲಪ್ ಮತ್ತೆಮತ್ತೆ ಬರುತ್ತಾನೆ. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ, ಅಂಚೆ ಇಲಾಖೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದವನು, ಆ ನೌಕರಿಯ ನಡುವೆಯೇ ಕಾದಂಬರಿಗಳ ರಾಶಿ ಹಾಕಿದವನು. ಬೆಳಗಿನ ಐದೂವರೆಗೆ ಮೇಜಿನ ಮುಂದೆ, ಎದುರಿಗೆ ಗಡಿಯಾರ, ಕಾಲು ಗಂಟೆಗೆ 250 ಪದ. ನೌಕರಿ ಮಾಡಿಕೊಂಡು ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ ಎನ್ನುತ್ತಾರೆ. ಅವನು ತೀರಿಕೊಂಡ ಮೇಲೆ 1883ರಲ್ಲಿ ಪ್ರಕಟವಾದ ಆತ್ಮಕತೆಯಲ್ಲಿ ಇದೆಲ್ಲ ನಿಜವಾಗಿಯೂ ಇದೆ. ಆದರೆ ಅದೇ ಪುಟಗಳಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಇವರು ಹೇಳುವುದಿಲ್ಲ. ಅವನ ಮನೆಯಲ್ಲಿ ಕುದುರೆ ನೋಡಿಕೊಳ್ಳುವ ಒಬ್ಬ ಮುದುಕ ಆಳಿದ್ದ. ಟ್ರಾಲಪ್‌ಗಿಂತ ಮೊದಲೇ ಎದ್ದು, ಕಾಫಿ ತಂದು, ಅವನನ್ನು ಎಬ್ಬಿಸುವುದು ಆ ಆಳಿನ ಕೆಲಸ. ಅದಕ್ಕೆಂದೇ ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಸಂಬಳ. ಅಷ್ಟು ವರ್ಷಗಳಲ್ಲಿ ಆ ಮನುಷ್ಯ ಒಂದು ದಿನವೂ ತಡಮಾಡಲಿಲ್ಲವಂತೆ. ನನ್ನ ಯಶಸ್ಸಿಗೆ ಬೇರೆ ಯಾರಿಗಿಂತಲೂ ನಾನು ಅವನಿಗೇ ಹೆಚ್ಚು ಋಣಿಯಾಗಿರಬೇಕೇನೋ ಎಂಬರ್ಥದ ಮಾತನ್ನು ಟ್ರಾಲಪ್ ತಾನೇ ಬರೆದುಕೊಂಡಿದ್ದಾನೆ. ಪ್ರಾಮಾಣಿಕ ಮನುಷ್ಯ. ಅವನ ಭಕ್ತರು ಗಡಿಯಾರವನ್ನು ಇಟ್ಟುಕೊಂಡರು, ಆಳನ್ನು ಬಿಟ್ಟುಬಿಟ್ಟರು.

ಈಗ ಪುಣೆಯಲ್ಲಿ, ಹಿಂಜವಡಿಯ ಹತ್ತಿರದ ಯಾವುದಾದರೂ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಬನ್ನಿ. ಬೆಳಗಿನ ಐದರಿಂದ ಏಳು. ಹಾಲಿನ ಪ್ಯಾಕೆಟ್ಟು ಬಾಗಿಲಿಗೆ ಬರುತ್ತದೆ. ನೀರು ಬರುವ ಹೊತ್ತು. ಮಗುವಿನ ಸ್ಕೂಲ್ ಬಸ್ಸು ಏಳಕ್ಕೆ ಗೇಟಿನ ಮುಂದೆ. ಅದಕ್ಕೆ ಮುಂಚೆ ಎರಡು ಡಬ್ಬಿ, ಒಂದರಲ್ಲಿ ಚಪಾತಿ ಪಲ್ಯ, ಇನ್ನೊಂದರಲ್ಲಿ ಹಣ್ಣು. ಊರಿಂದ ಬಂದ ಮಾವನವರಿಗೆ ಮಾತ್ರೆಗೆ ಮೊದಲು ಏನಾದರೂ ಹೊಟ್ಟೆಗೆ ಬೀಳಬೇಕು. ಇಷ್ಟೆಲ್ಲ ಜರುಗುವ ಎರಡು ಗಂಟೆಯನ್ನೇ ನಮ್ಮ ಗಂಡು ಬರಹಗಾರರು 'ಪ್ರಶಾಂತ ಸಮಯ' ಎಂದು ಕರೆಯುತ್ತಾರೆ. ಪ್ರಶಾಂತವಾಗಿರುವುದು ಅವರ ಕೋಣೆ, ಬಾಗಿಲು ಹಾಕಿರುವುದರಿಂದ. ಬಾಗಿಲಿನ ಆಚೆ ಕಾಫಿ ತರುವವರು ಇದ್ದಾರೆ, ಅವರಿಗೆ ವರ್ಷಕ್ಕೆ ಐದು ಪೌಂಡೂ ಇಲ್ಲ.

ಇದನ್ನು ಕೌಟುಂಬಿಕ ನ್ಯಾಯದ ಪಾಠ ಎಂದು ಓದಬೇಡಿ, ಆ ಪಾಠ ಹೇಳುವವರು ಬೇರೆ ಇದ್ದಾರೆ. ನಾನು ಸಾಹಿತ್ಯದ ಲೆಕ್ಕವನ್ನೇ ಹೇಳುತ್ತಿದ್ದೇನೆ. ನಮ್ಮ ಪುಣೆಯ ಬಳಗದಲ್ಲಿ ಬರೆಯುವ ಹೆಂಗಸರು ಯಾವಾಗ ಬರೆಯುತ್ತಾರೆ ಎಂದು ಒಮ್ಮೆ ಸುಮ್ಮನೆ ಕೇಳಿದೆ. ಒಬ್ಬರು ಬಸ್‌ಸ್ಟಾಪಿನಲ್ಲಿ ಮಗುವಿಗೆ ಕಾಯುವಾಗ ಫೋನಿನಲ್ಲಿ. ಇನ್ನೊಬ್ಬರು ರಾತ್ರಿ ಹನ್ನೊಂದರ ಮೇಲೆ ಊಟದ ಮೇಜಿನಲ್ಲಿ, ಲೈಟಿನ ಬೆಳಕು ಯಾರ ನಿದ್ದೆಗೂ ತಾಕದ ಹಾಗೆ. ಮೂರನೆಯವರು 'ನವರಾತ್ರಿ ಆದಮೇಲೆ' ಎಂದು ನಕ್ಕರು. ಇವರಿಗೆ ನೀವು ಹಸಿರು ಚೌಕದ ಆ್ಯಪು ಕೊಟ್ಟರೆ ಅದು ದಿನಾ ಕೆಂಪಾಗಿ ಬೈಯುತ್ತದೆ, ಅಷ್ಟೆ. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ. ಅಲ್ಲಿಂದಾಚೆಗೆ ಕಾದಂಬರಿಗಳು ಸಾಲುಗಟ್ಟಿ ಬಂದವು, 'ಫಣಿಯಮ್ಮ'ವೂ ಸೇರಿ. ಅದಕ್ಕೆ ಹಿಂದಿನ ನಲವತ್ತೈದು ವರ್ಷ ಅವರಿಗೆ ಶಿಸ್ತಿರಲಿಲ್ಲ ಎಂದು ಹೇಳುವ ಧೈರ್ಯ ಯಾರಿಗಾದರೂ ಇದೆಯೆ?

ಮನೆಯ ಮಾತು ಸಾಕು. ಕಾಯುವವರ ಬಗ್ಗೆ ಹೇಳುತ್ತೇನೆ, ಏಕೆಂದರೆ ನಮ್ಮ ಹೊರನಾಡ ಬರವಣಿಗೆ ನಿಜವಾಗಿ ಸೊರಗಿರುವುದು ಅಲ್ಲಿ.

'ಲಂಕೇಶ್ ಪತ್ರಿಕೆ' ಶುರುವಾದದ್ದು 1980ರಲ್ಲಿ. ಸಾರಾ ಅಬೂಬಕ್ಕರ್ ಅವರ ಮೊದಲ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ' ಕಂತುಕಂತಾಗಿ ಬಂದದ್ದು ಆ ಪತ್ರಿಕೆಯಲ್ಲಿ. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದ, ಮನೆಯಲ್ಲಿ ಬೇರೆ ಮಾತಾಡುವ, ಸಾಹಿತ್ಯದ ಯಾವ ಗುಂಪಿಗೂ ಸೇರದ ಮುಸ್ಲಿಂ ಹೆಂಗಸು. ಅದೇ ದಶಕದಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅದೇ ಪತ್ರಿಕೆಗೆ ವರದಿಗಾರ್ತಿಯಾಗಿದ್ದರು. 2025ರಲ್ಲಿ ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳೆಲ್ಲ ಹೂಗುಚ್ಛದಿಂದ ತುಂಬಿಹೋದವು. ಅಭಿನಂದನೆ ಸರಿ. ಆದರೆ ಒಬ್ಬರಾದರೂ ಕೇಳಬೇಕಿತ್ತು: ಒಂದು ವಾರಪತ್ರಿಕೆ ಹೀಗೆ ಬೇರೆಬೇರೆ ಊರಿನ, ಬೇರೆಬೇರೆ ಹಿನ್ನೆಲೆಯ ಹೆಂಗಸರಿಗೆ ಬರೆಯುವ ಜಾಗ ಮಾಡಿಕೊಟ್ಟಿತಲ್ಲ, ಅಂಥ ಜಾಗ ನಮ್ಮಲ್ಲಿ ಎಲ್ಲಿದೆ?

ವಾರದ ಕಂತು ಎಂದರೆ ಒಬ್ಬ ಸಂಪಾದಕ ಪುಟದಲ್ಲಿ ಜಾಗ ಇಟ್ಟುಕೊಂಡು ಕಾಯುತ್ತಿದ್ದಾನೆ, ಮುಂದಿನ ವಾರ ಏನಾಯಿತು ಎಂದು ಓದುಗರು ಕಾಯುತ್ತಿದ್ದಾರೆ ಎಂದರ್ಥ. ಆ ಕಾಯುವಿಕೆ ಬರೆಯುವವರನ್ನು ಮೇಜಿಗೆ ಎಳೆಯುವಷ್ಟು ಯಾವ ಅಲಾರಮ್ಮೂ ಎಳೆಯುವುದಿಲ್ಲ. ಧಾರಾವಾಹಿಗಳಿಂದ ಕಸವೂ ಬೇಕಾದಷ್ಟು ಬಂದಿದೆ, ಗೊತ್ತು. ಅದಕ್ಕೇ ಕಾಯುವವರ ಜೊತೆಗೆ ತಿರುಗಿಸಿ ಕೊಡುವವರೂ ಬೇಕು.

ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಹುಟ್ಟಿದ್ದು. ಅದರ 'ಅಟ್ಟ'ದಲ್ಲಿ ಜಿ.ಬಿ. ಜೋಶಿಯವರೂ ಕೀರ್ತಿನಾಥ ಕುರ್ತಕೋಟಿಯವರೂ ಕೂತು ನಡೆಸುತ್ತಿದ್ದ ಹರಟೆ, ಜಗಳ, ತಿದ್ದುಪಡಿಗಳು ಕನ್ನಡಕ್ಕೆ ಎಷ್ಟು ಪುಸ್ತಕ ಕೊಟ್ಟಿವೆ ಎಂಬುದು ಹಳೆಯ ಓದುಗರಿಗೆ ಹೇಳಬೇಕಿಲ್ಲ. ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ ಅಲ್ಲಿಂದಲೇ ಬಂತು. ಕಾರ್ನಾಡರು 1963ರಿಂದ 70ರವರೆಗೆ ಇದ್ದದ್ದು ಮದರಾಸಿನಲ್ಲಿ, ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ನೌಕರಿಯಲ್ಲಿ. ಅಂದರೆ ಅವರೂ ನಮ್ಮ ಹಾಗೆಯೇ ಹೊರನಾಡ ಕನ್ನಡಿಗ, ನಮ್ಮ ಹಾಗೆಯೇ ತಿಂಗಳ ಸಂಬಳದವರು. 'ತುಘಲಕ್' ಪ್ರಕಟವಾದದ್ದು 1964ರಲ್ಲಿ. ಇತಿಹಾಸವನ್ನು ಇವತ್ತಿಗೆ ತಾಕುವಂತೆ ಕಟ್ಟುವ ನಾಟಕ, ಬರ್ನಾರ್ಡ್ ಶಾ ಬರೆದಂಥದ್ದು, ಕನ್ನಡದಲ್ಲಿ ಇಲ್ಲ ಎಂಬ ಕುರ್ತಕೋಟಿಯವರ ಆಕ್ಷೇಪವೇ ಆ ನಾಟಕಕ್ಕೆ ಕಿಡಿ ಎಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಒಬ್ಬ ವಿಮರ್ಶಕ 'ಇದು ನಮ್ಮಲ್ಲಿ ಇಲ್ಲ' ಎನ್ನುತ್ತಾನೆ. ಒಬ್ಬ ಲೇಖಕನಿಗೆ ಅದು ಚುಚ್ಚುತ್ತದೆ. ಈ ಚುಚ್ಚುವ ಸಂಬಂಧಕ್ಕೆ ನಾನು ಪರಿಸರ ಎನ್ನುತ್ತೇನೆ. ಮನಿಪ್ಲಾಂಟಿಗಲ್ಲ.

ಈಗ ನಮ್ಮ ಕಡೆಗೆ ತಿರುಗೋಣ. ನನ್ನ ತಂಡದಲ್ಲಿ ಒಬ್ಬ ಹುಡುಗ ಮೂರು ಸಾಲು ಕೋಡ್ ಬದಲಿಸಿದರೂ ಅದನ್ನು ಇನ್ನೊಬ್ಬರು ನೋಡಿ ಒಪ್ಪದೆ ಮುಂದೆ ಹೋಗುವಂತಿಲ್ಲ. ಗ್ರಾಹಕನ ಬಿಲ್ಲಿನಲ್ಲಿ ಒಂದು ಪೈಸೆ ಸುತ್ತು ಹಾಕುವ ಲೆಕ್ಕವಾದರೂ ಸರಿ. ನೋಡುವವರು ಯಾಕೆ ಬೇಡ ಎನ್ನುವುದನ್ನು ಆ ಸಾಲಿನ ಪಕ್ಕದಲ್ಲೇ ಬರೆಯಬೇಕು. ಸಾಲಿನ ಬಗ್ಗೆ ಬರೆಯಬೇಕು, ಬರೆದವನ ಬಗ್ಗೆ ಅಲ್ಲ. ಒಪ್ಪಿದ ಮೇಲೆ ಏನಾದರೂ ಕೆಟ್ಟರೆ ಒಪ್ಪಿದವರ ಹೆಸರೂ ಅಲ್ಲಿರುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲ ತಿಂಗಳು ಮುಖ ಸಣ್ಣಗಾಗುತ್ತದೆ. ಮೂರನೇ ತಿಂಗಳಿಗೆ ಅವರೇ 'ಯಾರಾದರೂ ಸ್ವಲ್ಪ ಗಟ್ಟಿಯಾಗಿ ನೋಡಿ' ಎಂದು ಕೇಳಲು ಶುರುಮಾಡುತ್ತಾರೆ, ಏಕೆಂದರೆ ರಾತ್ರಿ ಎರಡಕ್ಕೆ ಫೋನು ಬರುವುದು ಯಾರಿಗೂ ಬೇಡ.

ಇದೇ ಜನ, ಇವೇ ಬೆರಳು, ಸಂಜೆ ಒಂದು ಕವಿತೆ ಬರೆಯುತ್ತವೆ. ಬರೆದು ಮುಗಿದ ಮೂರನೇ ನಿಮಿಷಕ್ಕೆ ಅದು ಇನ್ನೂರು ಜನರ ಗುಂಪಿನಲ್ಲಿ. 9:12ಕ್ಕೆ ಕವಿತೆ, 9:13ಕ್ಕೆ ಮೊದಲ ಚಪ್ಪಾಳೆ. 'ಸೂಪರ್ ಸರ್', 'ಅದ್ಭುತ ಮೇಡಂ', 'ಕಣ್ಣಲ್ಲಿ ನೀರು ಬಂತು'. ಆ ಕವಿತೆಯನ್ನು ಒಮ್ಮೆ ನಿಧಾನವಾಗಿ ಓದಲು ಬೇಕಾದ ಸಮಯವೇ ಆ ಒಂದು ನಿಮಿಷಕ್ಕಿಂತ ಹೆಚ್ಚು. ಹಾಗಾದರೆ ಕಣ್ಣೀರು ಯಾವುದಕ್ಕೆ ಬಂತು? ಇನ್ನೂ ವಿಚಿತ್ರ ಎಂದರೆ, ಹಾಗೆ ಹೊಗಳಿಸಿಕೊಂಡವರಿಗೂ ಅದು ಸುಳ್ಳು ಎಂದು ಒಳಗೊಳಗೇ ಗೊತ್ತಿರುತ್ತದೆ. ಹಾಗಾಗಿಯೇ ಅವರಿಗೆ ಸಾಕಾಗುವುದಿಲ್ಲ, ನಾಳೆ ಮತ್ತೊಂದು ಬೇಕು. ಐದಕ್ಕೆ ಎದ್ದು ಐನೂರು ಪದ ಬರೆಯುವ ವ್ರತ ಈ ಯಂತ್ರಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕವಿತೆಗಳು ಹೆಚ್ಚುತ್ತವೆ, ಅದೇ ಸಾಲು, ಅದೇ ಮಳೆ, ಅದೇ ಅಜ್ಜಿಯ ಸೆರಗು. ತಪ್ಪನ್ನು ಯಾರೂ ತೋರಿಸದೆ ನೂರು ದಿನ ಅಭ್ಯಾಸ ಮಾಡಿದರೆ ಆ ತಪ್ಪೇ ಕೈಗೆ ಕೂತುಬಿಡುತ್ತದೆ. ಸಂಗೀತ ಕಲಿಸುವ ಯಾವ ಮೇಷ್ಟರನ್ನು ಬೇಕಾದರೂ ಕೇಳಿ, ಶ್ರುತಿ ತಪ್ಪಿ ಸಾಧನೆ ಮಾಡಿದ ಹುಡುಗನಿಗಿಂತ ಸಾಧನೆಯೇ ಮಾಡದ ಹುಡುಗ ವಾಸಿ ಎನ್ನುತ್ತಾರೆ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು, ಮುಖಕ್ಕೇ ಹೇಳಿಸಿಕೊಂಡಿದ್ದೇನೆ. 'ನಾವೇನು ಜ್ಞಾನಪೀಠಕ್ಕೆ ಬರೆಯುತ್ತಿದ್ದೇವಾ ಸ್ವಾಮಿ? ಪರಊರಲ್ಲಿ, ಪರಭಾಷೆಯ ನಡುವೆ, ಹತ್ತು ಗಂಟೆ ದುಡಿದು ಬಂದು ಎರಡು ಸಾಲು ಕನ್ನಡ ಬರೆಯುತ್ತೇವೆ. ಅದಕ್ಕೂ ಕೊಕ್ಕೆ ಹಾಕಿದರೆ ಇರುವ ಕನ್ನಡವೂ ಹೋಗುತ್ತದೆ.' ಈ ಮಾತಿನಲ್ಲಿ ತೂಕವಿದೆ. ಮಗ ಮನೆಯಲ್ಲಿ ಹಿಂದಿಯಲ್ಲಿ ಉತ್ತರ ಕೊಡುವ, ಆಫೀಸಿನಲ್ಲಿ ವಾರಗಟ್ಟಲೆ ಒಂದು ಕನ್ನಡ ಪದ ಆಡದ ಮನುಷ್ಯನಿಗೆ ಆ ಎರಡು ಸಾಲು ಉಸಿರಾಟದ ಹಾಗೆ. ಅವರು ಡೈರಿಯಲ್ಲಿ ಬರೆಯಲಿ, ಗೆಳೆಯರಿಗೆ ಕಳಿಸಲಿ, ನನ್ನದೇನೂ ಅಭ್ಯಂತರವಿಲ್ಲ. ಆದರೆ ಅದೇ ಮನುಷ್ಯ ವರ್ಷದ ಕೊನೆಗೆ ಅವನ್ನೆಲ್ಲ ಸೇರಿಸಿ, ಸ್ವಂತ ದುಡ್ಡಿನಲ್ಲಿ ಸಂಕಲನ ಅಚ್ಚು ಹಾಕಿಸಿ, ಸಂಘದ ಹಾಲಿನಲ್ಲಿ ಬಿಡುಗಡೆ ಇಟ್ಟುಕೊಂಡು, ಶಾಲು ಹೊದ್ದು ಕೂರುವಾಗ ಮಾತು ಬದಲಾಗುತ್ತದೆ. ಆಗ ಅದು ಓದುಗನ ಮುಂದೆ ಇಟ್ಟ ಕೆಲಸ. ಓದುಗನಿಗೆ ಅದನ್ನು ತೂಗುವ ಹಕ್ಕಿದೆ. ಇನ್ನೊಂದು ಮಾತು: ಹೊಗಳಿಕೆಯಿಂದ ಕನ್ನಡ ಉಳಿಯುತ್ತದೆ ಎನ್ನುವುದೂ ನಿಜವಲ್ಲ. ನಮ್ಮ ಮಕ್ಕಳು ದಡ್ಡರಲ್ಲ. ಅಪ್ಪ ಅಮ್ಮ ಸೇರುವ ಕೂಟದಲ್ಲಿ ಎಲ್ಲರೂ ಎಲ್ಲದಕ್ಕೂ ಚಪ್ಪಾಳೆ ತಟ್ಟುವುದನ್ನು ನೋಡಿ, ಇದು ಹಳಬರ ಮನರಂಜನೆ, ನಿಜವಾದ ಸಾಹಿತ್ಯ ಇಂಗ್ಲಿಷಿನಲ್ಲಿದೆ ಎಂದು ತೀರ್ಮಾನಿಸಿ ಎದ್ದು ಹೋಗುತ್ತಾರೆ.

ಇನ್ನು 'ಇಲ್ಲಿ ಕನ್ನಡದ ವಾತಾವರಣವಿಲ್ಲ' ಎಂಬ ಕೊರಗು. ಊರಿನಲ್ಲಿದ್ದಿದ್ದರೆ ಬರೆಯುತ್ತಿದ್ದೆ, ಮಲೆನಾಡಿನಲ್ಲೊಂದು ಮನೆ ಮಾಡಿಕೊಂಡು ಬರೆಯುತ್ತೇನೆ, ನಿವೃತ್ತಿಯಾದ ಮೇಲೆ ಬರೆಯುತ್ತೇನೆ. ಬೇಂದ್ರೆ 1944ರಿಂದ 56ರವರೆಗೆ ಸೋಲಾಪುರದಲ್ಲಿ ಪಾಠ ಮಾಡಿಕೊಂಡಿದ್ದರು. ಯಶವಂತ ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯವರು, ಪಾಲಿಮರ್ ತಂತ್ರಜ್ಞಾನ ಓದಿದವರು, ಮುಂಬಯಿಯ ಕಂಪನಿಯೊಂದರಲ್ಲಿ ದುಡಿಯುತ್ತ ಬರೆದವರು. 1979ರ 'ಶಿಕಾರಿ'ಯಲ್ಲಿ ನಾಗನಾಥ ಎಂಬ ಕಂಪನಿ ಅಧಿಕಾರಿಯನ್ನು ಸಂಶಯದ ಮೇಲೆ ಕೆಲಸದಿಂದ ದೂರ ಇಟ್ಟಿದ್ದಾರೆ, ಯಾರು ಯಾಕೆ ಬೇಟೆಯಾಡುತ್ತಿದ್ದಾರೆ ಎಂದು ಅವನಿಗೆ ತಿಳಿಯದು. ನಮ್ಮಲ್ಲಿ ಯಾರಾದರೂ ಲೇಆಫ್ ಪಟ್ಟಿಯ ಗುಸುಗುಸು ಕೇಳಿದವರು, ಎಚ್‌ಆರ್‌ನಿಂದ ಹದಿನೈದು ನಿಮಿಷದ ಮೀಟಿಂಗಿಗೆ ಕರೆ ಬಂದವರು, ಆ ಕಾದಂಬರಿಯನ್ನು ಇವತ್ತು ಓದಿದರೆ ಮೈ ಬೆವರುತ್ತದೆ. ಚಿತ್ತಾಲರು ಆಫೀಸಿನಿಂದ ತಪ್ಪಿಸಿಕೊಂಡು ಬರೆಯಲಿಲ್ಲ, ಆಫೀಸನ್ನೇ ಬರೆದರು. ನಾವು ಐದು ಗಂಟೆಗೆ ಎದ್ದು ಆಫೀಸು ಶುರುವಾಗುವ ಮುಂಚೆ ತೀರ್ಥಹಳ್ಳಿಯ ಮಳೆಯನ್ನು ಬರೆದು ಮುಗಿಸುತ್ತೇವೆ. ದಿನದ ಹತ್ತು ಗಂಟೆ ಕಂಡದ್ದು, ಹೆದರಿದ್ದು, ನಕ್ಕದ್ದು ಒಂದಕ್ಷರವೂ ಬರಹಕ್ಕೆ ಬರುವುದಿಲ್ಲ. ಅಪ್ರೈಸಲ್ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಕತೆ ನಮ್ಮ ಬಳಗಗಳಿಂದ ಇನ್ನೂ ಬರಬೇಕಿದೆ.

ಜಯಂತ ಕಾಯ್ಕಿಣಿಯವರೂ ಅಷ್ಟೆ. ಗೋಕರ್ಣದಿಂದ ಹೋಗಿ ಮುಂಬಯಿಯ ಔಷಧ ಕಂಪನಿಯಲ್ಲಿ ಎರಡು ದಶಕ. ಅವರ ಮುಂಬಯಿ ಕತೆಗಳು ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ 2018ರ ಡಿಎಸ್‌ಸಿ ಪ್ರಶಸ್ತಿ ಪಡೆದವು. ಆ ಕತೆಗಳ ಅನೇಕ ಪಾತ್ರಗಳು ನಿಜಜೀವನದಲ್ಲಿ ಕನ್ನಡ ಆಡುವವರೇ ಅಲ್ಲ. ಆ ಮುಂಬಯಿಯಲ್ಲಿ ಹೆಡ್‌ಫೋನು ಹಾಕಿಕೊಂಡು ಲೋಕಲ್ ಹತ್ತಿದ್ದರೆ ಅವು ಹುಟ್ಟುತ್ತಿದ್ದವೆ? ಅದೇ ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಕನ್ನಡ ಓದಿದ ತಲೆಮಾರು ಒಂದಿತ್ತು. ಅವರಿಗೆ ಪ್ರಶಾಂತ ವಾತಾವರಣದ ಬಗ್ಗೆ ನಾವು ಉಪದೇಶ ಮಾಡಲು ಹೋಗದಿರುವುದೇ ಲೇಸು.

ಮತ್ತೆ ಪುಣೆಗೆ ಬರುತ್ತೇನೆ, ಏಕೆಂದರೆ ನನ್ನನ್ನು ನಿಜವಾಗಿ ಕೆರಳಿಸುವುದು ಇದು. 'ಕಿವಿಗೆ ಕನ್ನಡ ಬೀಳುವುದಿಲ್ಲ' ಎಂದು ಬಾಲ್ಕನಿಯಲ್ಲಿ ನಿಂತು ಹೇಳುವವರ ಎದುರಿಗೆ ಹೊಸ ಟವರು ಏಳುತ್ತಿದೆ. ಅಲ್ಲಿ ಇಟ್ಟಿಗೆ ಹೊರುವವರಲ್ಲಿ, ಗೌಂಡಿಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದವರು ಎಷ್ಟು ಜನ! ತಗಡಿನ ಶೆಡ್ಡುಗಳ ಮುಂದೆ ಸಂಜೆ ರೊಟ್ಟಿ ಬಡಿಯುವ ಸದ್ದು, ಕೂಸನ್ನು ಗದರುವ ಸದ್ದು, ಎಲ್ಲ ಕನ್ನಡ. ನಮ್ಮ ಕೆಲವರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರೂ ಅದೇ ಕಡೆಯವರು. ಮನೆಯವರು ಹಿಂದಿಯಲ್ಲಿ ಕೆಲಸ ಹೇಳುತ್ತಾರೆ, ಆಕೆ ಹಿಂದಿಯಲ್ಲಿ 'ಹಾಂ' ಎನ್ನುತ್ತಾಳೆ, ವರ್ಷಗಟ್ಟಲೆ ಹೀಗೇ. ಎರಡು ಕನ್ನಡಗಳು ಒಂದೇ ಸಿಂಕಿನ ಎರಡು ಕಡೆ ನಿಂತು ಮೂರನೇ ಭಾಷೆಯಲ್ಲಿ ವ್ಯವಹಾರ ಮಾಡುತ್ತವೆ. ಆಮೇಲೆ ಮನೆಯವರು ಒಳಗೆ ಹೋಗಿ ವಾತಾವರಣದ ಕೊರತೆಯ ಬಗ್ಗೆ ಲೇಖನ ಬರೆಯುತ್ತಾರೆ.

ನಾವು ನಮ್ಮನ್ನು 'ಹೊರನಾಡ ಕನ್ನಡಿಗರು' ಎಂದು ಕರೆದುಕೊಳ್ಳುತ್ತೇವೆ. ಅವರು ಮಾಡುವುದಕ್ಕೆ ಅವರ ಕಡೆಯ ಹೆಸರು 'ಗುಳೆ'. ನಮ್ಮದು ಸಮ್ಮೇಳನದ ಬ್ಯಾನರಿನ ಪದ, ಅವರದು ಬರಗಾಲದ ಪದ. ನಮ್ಮ ಗೇಟಿನಲ್ಲಿ ರಾತ್ರಿಪಾಳಿ ಮಾಡುವ ಹಿರಿಯರೊಬ್ಬರನ್ನು ಯಾವ ಊರು ಎಂದು ಕನ್ನಡದಲ್ಲಿ ಕೇಳಿದೆ. ಅವರು ಎದ್ದು ನಿಂತರು. 'ಕೂಡ್ರಿ ಕಾಕಾ' ಎಂದ ಮೇಲೂ ಸ್ವಲ್ಪ ಹೊತ್ತು ನಿಂತೇ ಇದ್ದರು. 'ಅಫಜಲಪುರದ ಕಡೀರಿ ಸಾಹೇಬ್ರ, ದುಡಿಲಾಕ ಬಂದೀವ್ರಿ' ಎಂದರು. ಆಮೇಲೆ ಮಾತು ಬೆಳೆಯಿತು, ಭೀಮಾ ನದಿ, ತೊಗರಿ, ಎರಡನೇ ಮಗಳ ಮದುವೆ. ನನ್ನ ಹಾಸನದ ಕಿವಿಗೆ ಕೆಲವು ಪದ ಸಿಕ್ಕಲಿಲ್ಲ, ತಿರುಗಿ ಕೇಳಬೇಕಾಯಿತು. ನಾಲ್ಕೈದು ಪದ ಕಲಿತೆ. ಅವರ ಬಗ್ಗೆ ಕತೆ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಬಡವರನ್ನು ಕಂಡ ಕೂಡಲೇ ಕತೆ ಹಿಂಡಲು ಹೋಗುವುದು ಇನ್ನೊಂದು ರೋಗ. ಕನ್ನಡ ಕೇಳಿಸುವುದಿಲ್ಲ ಎಂಬ ಸುಳ್ಳನ್ನು ಬಿಡಿ ಎನ್ನುತ್ತಿದ್ದೇನೆ. ಕೇಳಿಸುತ್ತಿದೆ, ನಮ್ಮ ಅಂತಸ್ತಿಗೆ ಅದು ಕನ್ನಡ ಎಂದು ಅನ್ನಿಸುತ್ತಿಲ್ಲ. ಸದ್ದು ಅಡಗಿಸುವ ಹೆಡ್‌ಫೋನಿಗೆ ಇಪ್ಪತ್ತು ಸಾವಿರ ಕೊಟ್ಟು ನಾವು ಅಡಗಿಸುತ್ತಿರುವುದು ಇದನ್ನೇ.

ಹಾಗಾದರೆ ನೀನೇನು ಮಾಡುತ್ತಿದ್ದೀಯ ಎಂದು ಕೇಳುವುದು ನ್ಯಾಯ. ನಾವು ಪುಣೆಯಲ್ಲಿ ಐದು ಜನ, ಮೂವರು ಹೆಂಗಸರು ಇಬ್ಬರು ಗಂಡಸರು, ಎರಡು ವರ್ಷದಿಂದ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಮೂರಕ್ಕೆ ಸೇರುತ್ತೇವೆ. ಸಂಘವಲ್ಲ, ಹೆಸರಿಲ್ಲ, ಬ್ಯಾನರಿಲ್ಲ. ಒಂದು ಸಲಕ್ಕೆ ಇಬ್ಬರದು ಮಾತ್ರ. ಬರಹ ಹಿಂದಿನ ಬುಧವಾರವೇ ಎಲ್ಲರಿಗೂ ತಲುಪಿರಬೇಕು, ತಲುಪದಿದ್ದರೆ ಆ ತಿಂಗಳು ಅವರ ಸರದಿ ಇಲ್ಲ. ಓದಿಕೊಂಡು ಬರದವರು ಮಾತಾಡುವಂತಿಲ್ಲ. ಮಾತು ನಡೆಯುವಾಗ ಬರೆದವರು ಬಾಯಿ ತೆರೆಯುವಂತಿಲ್ಲ. ಇದು ನಮಗೆ ಬಹಳ ಕಷ್ಟವಾಯಿತು, ಕನ್ನಡ ಲೇಖಕನಿಗೆ ತನ್ನ ಕವಿತೆಯನ್ನು ತಾನೇ ವಿವರಿಸುವಷ್ಟು ಸುಖ ಬೇರೆ ಇಲ್ಲ. 'ಚೆನ್ನಾಗಿದೆ' ಎಂಬ ಪದ ನಿಷಿದ್ಧ, ಎಲ್ಲಿ ಚೆನ್ನಾಗಿದೆ ಎಂದು ಬೊಟ್ಟಿಟ್ಟು ತೋರಿಸಬೇಕು.

ಒಂದು ಉದಾಹರಣೆ. ನಮ್ಮಲ್ಲೊಬ್ಬರು ಒಂದು ಕತೆ ತಂದಿದ್ದರು. ಊರಿನಿಂದ ಫ್ಲ್ಯಾಟಿಗೆ ಕರೆತಂದ ಅಪ್ಪ, ಅವನ ಒಂಟಿತನ, ಕೊನೆಯಲ್ಲಿ ಮಗಳ ಪಶ್ಚಾತ್ತಾಪ. ವಾಟ್ಸ್‌ಆ್ಯಪಿನಲ್ಲಿ ಹಾಕಿದ್ದರೆ ಅರವತ್ತು ಚಪ್ಪಾಳೆ ಖಂಡಿತ. ಇಲ್ಲಿ ಒಬ್ಬರು ಕೇಳಿದರು: ಈ ಅಪ್ಪ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಏನು ಮಾಡುತ್ತಾನೆ? ಕತೆಯಲ್ಲಿ ಉತ್ತರವಿರಲಿಲ್ಲ. ಆ ಅಪ್ಪನಿಗೆ ದುಃಖ ಬಿಟ್ಟರೆ ಬೇರೆ ಕಸುಬೇ ಇರಲಿಲ್ಲ. ಅವರಿಗೆ ಸಿಟ್ಟು ಬಂತು, ಟೀ ಕುಡಿಯದೆ ಹೋದರು. ಆಮೇಲೆ ತಮ್ಮ ಸೊಸೈಟಿಯ ಕಟ್ಟೆಯ ಮೇಲೆ ಕೂರುವ ಮುದುಕರ ಹತ್ತಿರ ಮೂರು ನಾಲ್ಕು ಸಂಜೆ ಕೂತರಂತೆ. ಮುಂದಿನ ಸಲ ಬಂದ ಕತೆಯಲ್ಲಿ ಅಪ್ಪ ಲಿಫ್ಟ್ ರಿಪೇರಿಯವನ ಜೊತೆ ಸ್ನೇಹ ಮಾಡಿಕೊಂಡು ಎಂಟು ಮಹಡಿಯ ಎಲ್ಲರ ಗುಟ್ಟೂ ತಿಳಿದುಕೊಂಡಿದ್ದ, ಪಶ್ಚಾತ್ತಾಪದ ಮಗಳು ಅವನಿಗೆ ತಮಾಷೆಯಾಗಿ ಕಾಣುತ್ತಿದ್ದಳು. ಆ ಪ್ರಶ್ನೆ ಕೇಳಲು ತೆಗೆದುಕೊಂಡ ಹೊತ್ತು ಹತ್ತು ಸೆಕೆಂಡು.

ಎರಡು ವರ್ಷದಲ್ಲಿ ನಮ್ಮ ಐವರಿಂದ ಬಂದದ್ದು ಹದಿಮೂರು ಕತೆ, ಒಂಬತ್ತು ಕವಿತೆ, ಒಂದು ಅರ್ಧಂಬರ್ಧ ನಾಟಕ. ಹಸಿರು ಚೌಕದ ಲೆಕ್ಕದಲ್ಲಿ ಇದು ನಾಚಿಕೆಗೇಡು. ಇವುಗಳಲ್ಲಿ ಒಂದನ್ನೂ ಮೂರಕ್ಕಿಂತ ಕಡಿಮೆ ಸಲ ತಿದ್ದಿಲ್ಲ.

ಈ ಪತ್ರಿಕೆಯನ್ನು ನಡೆಸುವವರೂ ನಮ್ಮ ಹಾಗೇ ರಾತ್ರಿ ನಿದ್ದೆಗೆಟ್ಟು, ಸಂಬಳವಿಲ್ಲದೆ ದುಡಿಯುವವರು ಎಂದು ಬಲ್ಲೆ. ಆದರೂ ಅವರಿಗೊಂದು ಬೇಡಿಕೆ ಇದೆ. ಸಂಚಿಕೆಗೆ ಇಪ್ಪತ್ತು ಬರಹ ಹಾಕುವ ಕಡೆ ಎಂಟು ಹಾಕಿ. ಉಳಿದ ಹನ್ನೆರಡನ್ನು ತಿರುಗಿಸಿ ಕಳಿಸಿ, 'ಸ್ಥಳಾಭಾವ' ಎಂಬ ಸಭ್ಯ ಸುಳ್ಳು ಬೇಡ, ಎಲ್ಲಿ ಎಡವಿದೆ ಎಂದು ಎರಡು ಸಾಲು ಬರೆದು. ಆರು ತಿಂಗಳು ಬೈಗುಳ ಬರುತ್ತದೆ, ಕೆಲವರು ಬಿಟ್ಟು ಹೋಗುತ್ತಾರೆ, ಸಂಘದ ಔತಣಗಳಿಗೆ ಕರೆ ಕಡಿಮೆಯಾಗಬಹುದು. ಓದುಗರೂ ಸುಮ್ಮನಿರಬೇಡಿ. ಚಪ್ಪಾಳೆಯ ಚಿಹ್ನೆ ಒತ್ತುವ ಮುಂಚೆ ಆ ಬರಹದ ಒಂದು ಸಾಲನ್ನು ನೋಡದೆ ಹೇಳಲು ಬರುತ್ತದೆಯೇ ನೋಡಿಕೊಳ್ಳಿ, ಬರದಿದ್ದರೆ ಒತ್ತಬೇಡಿ.

ನಮ್ಮ ಭಾನುವಾರದ ಕೂಟಕ್ಕೆ ಈಚೆಗೆ ಇನ್ನೊಂದು ನಿಯಮ ಸೇರಿದೆ. ಮೊದಲ ವರ್ಷ ಯಾರ ಮನೆಯಲ್ಲಿ ಸೇರುತ್ತಿದ್ದೆವೋ ಆ ಮನೆಯ ಹೆಂಗಸರೇ ನಡುವೆ ಎದ್ದು ಹೋಗಿ ಟೀ ಮಾಡುತ್ತಿದ್ದರು, ಎಷ್ಟೋ ಸಲ ಅವರದೇ ಕತೆಯ ಚರ್ಚೆ ನಡೆಯುತ್ತಿರುವಾಗ. ಈಗ ಆ ತಿಂಗಳು ಸರದಿ ಇಲ್ಲದವರು ಟೀ ಮಾಡಬೇಕು, ಲೋಟ ತೊಳೆದಿಟ್ಟು ಹೋಗಬೇಕು. ಮುಂದಿನ ತಿಂಗಳು ಆ ಪಾಳಿ ನನ್ನದು.